“ಛರ್ರೆ ಇನ್ನಾ ಒಳಗೇ ಅದಾವೇನು?”

ಲುಂಗಿ ಉಟ್ಟು ಕಟ್ಟೆ ಮೇಲೆ ಕೂತರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಎಡಗಾಲಲ್ಲಿ, ಮೊಣಕಾಲ ಕೆಳಗೆ ಹೊರಬದಿಗೆ, ಅಂಗೈಯಷ್ಟು ಅಗಲದ ಒಂದು ತಗ್ಗು ಇದೆ. ಅದರ ಮೇಲಿನ ಚರ್ಮ ನನ್ನದೇ, ಆದರೆ ಅಲ್ಲಿಯದಲ್ಲ. ತೊಡೆಯಿಂದ ತಂದು ಹಚ್ಚಿದ್ದು. ನೋಡಿದವರು ಮೊದಲು ನಾಯಿ ಕಚ್ಚಿತ್ತಾ ಅನ್ನುತ್ತಾರೆ. ಬಂದೂಕು ಅಂದ ಕೂಡಲೇ ಹತ್ತಿರ ಸರಿದು ಕೂರುತ್ತಾರೆ. ಛರ್ರೆ ಅಂದರೆ ಬಂದೂಕಿನ ಕಾರ್ತೂಸಿನಲ್ಲಿ ತುಂಬಿರುವ ಸಣ್ಣ ಲೋಹದ ಕಾಳು. ಆಮೇಲೆ ಎಲ್ಲರೂ ಕೇಳುವುದು ಒಂದೇ: “ಛರ್ರೆ ಎಲ್ಲಾ ತೆಗದಾರಿಲ್ಲೊ? ಇನ್ನಾ ಒಳಗೇ ಅದಾವೇನು?”

ಅದಾವ. ಕೊನೆಯ ಎಕ್ಸ್‌ರೇ ಹಿಡಿದು ನಾನೇ ಎಣಿಸಿದ್ದೇನೆ, 23.

“ಅಯ್ಯ, ಯಾಕ ತೆಗಿಸ್ಲಿಲ್ಲ?” ಅನ್ನುವಾಗ ಅವರ ಮುಖದಲ್ಲಿ ಡಾಕ್ಟರು ಮೋಸ ಮಾಡಿದರು ಎಂಬ ಅನುಮಾನ ಕಾಣುತ್ತದೆ. ತಪ್ಪು ಅವರದಲ್ಲ. ಸಿನಿಮಾದಲ್ಲಿ ಗುಂಡು ಕಿತ್ತು ಸ್ಟೀಲ್ ತಟ್ಟೆಗೆ ‘ಟಣ್’ ಅಂತ ಹಾಕಿದರೆ ಹೀರೊ ಕಣ್ಣು ಬಿಡುತ್ತಾನೆ, ಅಲ್ವಾ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ನಾನೂ ಅದನ್ನೇ ನಂಬಿದ್ದೆ.

ಉತ್ತರ ಹೇಳಬೇಕಾದರೆ ಆ ದಿನದಿಂದಲೇ ಶುರು ಮಾಡಬೇಕು. 2014ರ ದಸರೆ. ಸುರಪುರ ತಾಲೂಕಿನಲ್ಲಿ ನಮ್ಮ ಸೋದರಮಾವನ ಊರು. ನಮ್ಮ ಕಡೆ ಆಯುಧ ಪೂಜೆಗೆ ಖಂಡೆ ಪೂಜೆ ಅನ್ನುತ್ತೇವೆ. ಕುಡಗೋಲು, ಕೊಡಲಿ, ಬೈಕು, ಎಲ್ಲದಕ್ಕೂ ವಿಭೂತಿ, ಕುಂಕುಮ. ಮಾವನ ಮನೆಯಲ್ಲಿ ಅದರ ಜೊತೆಗೆ ಒಂದು ಒಂಟಿ ನಳಿಕೆಯ 12 ಬೋರಿನ ಬಂದೂಕು. ಅಜ್ಜನ ಕಾಲದಿಂದ ಬಂದದ್ದು, ಬೆಳೆ ಕಾಯಲು ಲೈಸೆನ್ಸ್ ಇತ್ತು. (12 ಬೋರ್ ಅಂದರೆ ಏನು ಅಂತ ಮಕ್ಕಳೂ ಕೇಳುತ್ತಾರೆ. ಒಂದು ಪೌಂಡ್ ಸೀಸದಲ್ಲಿ ಸರಿಯಾಗಿ 12 ಗುಂಡು ಮಾಡಿದರೆ, ಆ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಕೆ.)

ಆ ವರ್ಷ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ ಆಗಿತ್ತು. ಚುನಾವಣೆ ಬಂದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ, ಮಾವನೂ ಒಪ್ಪಿಸಿದ್ದರು. ಮುಗಿದ ಮೇಲೆ ವಾಪಸು ತಂದು ಗೋಡೆಗೆ ನೇತುಹಾಕಿದ್ದರು. ಠಾಣೆಯಿಂದ ಬಂದದ್ದು, ಖಾಲಿಯೇ ಇರುತ್ತದೆ ಎಂದು ಮಾವನ ಲೆಕ್ಕ. ನಡುವೆ ಭತ್ತಕ್ಕೆ ಬರುವ ಹಕ್ಕಿ ಓಡಿಸಲು ಅವರ ಮಗ ಅದನ್ನು ಹೊಲಕ್ಕೆ ಒಯ್ದಿದ್ದ. ಸಣ್ಣ ಛರ್ರೆಯ ಕಾರ್ತೂಸು ಹಾಕಿದ್ದ, ಹಾರಿಸಿರಲಿಲ್ಲ, ತೆಗೆಯಲೂ ಇಲ್ಲ. ನಳಿಕೆ ಬಗ್ಗಿಸಿ ತೆರೆದು ನೋಡಲು ಎರಡು ಸೆಕೆಂಡು ಬೇಕು. ಯಾರೂ ನೋಡಲಿಲ್ಲ.

ನಾನು ಬಾಗಿಲ ಬಳಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ, ಎಂಟು ಹತ್ತು ಅಡಿ ದೂರ. ಮಾವ ಅರಿವೆಯಿಂದ ಬಂದೂಕು ಒರೆಸುತ್ತಿದ್ದರು. ಶಬ್ದ ಕೇಳಿದ ನೆನಪಿಲ್ಲ, ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ನೋವೂ ಇಲ್ಲ. ಕಾಲಿಗೆ ಯಾರೋ ಬಿಸಿನೀರು ಸುರಿದಂತೆ. ಕೆಳಗೆ ನೋಡಿದರೆ ಚೆಂಡುಹೂವು, ಅದರ ಮೇಲೆ ರಕ್ತ.

ದೂರದಿಂದ ಬಂದರೆ ಛರ್ರೆ ಹರಡಿಕೊಳ್ಳುತ್ತವೆ. ಅಷ್ಟು ಹತ್ತಿರದಿಂದ ಬಂದಾಗ ಮುದ್ದೆಯಂತೆ ಒಟ್ಟಿಗೇ ನುಗ್ಗುತ್ತವೆ. ಅದಕ್ಕೇ ನೂರು ಸಣ್ಣ ತೂತಾಗುವ ಬದಲು ಒಂದು ದೊಡ್ಡ ಗುಂಡಿ ಆಯಿತು. ಒಬ್ಬರು ಅರಿಷಿಣ ತಂದರು, ಇನ್ನೊಬ್ಬರು ಚಹಾಪುಡಿ. ಪಕ್ಕದ ಮನೆಯ ಹುಡುಗನೊಬ್ಬ ಎಲ್ಲರನ್ನೂ ಬೈದು ಸರಿಸಿ, ಹೊಸ ಧೋತರ ಮಡಿಸಿ ಗಾಯದ ಮೇಲಿಟ್ಟು, ತನ್ನ ಇಡೀ ಭಾರ ಹಾಕಿ ಒತ್ತಿ ಹಿಡಿದ. 108 ಬರುವವರೆಗೆ ಕೈ ತೆಗೆಯಲಿಲ್ಲ. ನಲವತ್ತು ನಿಮಿಷ. ಛರ್ರೆ ಬಗ್ಗೆ ಕೇಳುವವರು ಆ ಹುಡುಗನ ಬಗ್ಗೆ ಕೇಳುವುದಿಲ್ಲ. ನಾನು ಬದುಕಿದ್ದು ಆ ನಲವತ್ತು ನಿಮಿಷದಲ್ಲಿ.

ತಾಲೂಕು ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಕಟ್ಟಿ, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಸಲೈನ್ ಹಚ್ಚಿ ಕಳಿಸಿದರು. ಶಹಾಪುರ, ಜೇವರ್ಗಿ, ಕಟ್ಟಿ ಸಂಗಾವಿಯ ಭೀಮಾ ಸೇತುವೆ. ನೂರು ಕಿಲೋಮೀಟರ್‌ಗೂ ಜಾಸ್ತಿ. ಆ ರಸ್ತೆಯ ಒಂದೊಂದು ತಗ್ಗೂ ನನ್ನ ಕಾಲಿಗೆ ಬಾಯಿಪಾಠ. ಗುಲ್ಬರ್ಗ ಮುಟ್ಟಿದ ಮೇಲೆ ಮೊದಲು ಹೋದ ಒಂದು ಖಾಸಗಿ ಆಸ್ಪತ್ರೆಯವರು “ಬಂದೂಕಿನ ಕೇಸು, ಮೊದಲು ಪೊಲೀಸ್ ಬರಲಿ” ಎಂದರು. ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ, ಪರಮಾನಂದ ಕಟಾರಾ ಪ್ರಕರಣದಲ್ಲಿ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಆವತ್ತು ಸುಮ್ನೆ ಮುಂದಿನ ಆಸ್ಪತ್ರೆಗೆ ಹೋದೆವು.

ಅಲ್ಲಿನ ಸರ್ಜನ್‌ಗೆ ಮರುದಿನ ನಾನು ಕೇಳಿದ್ದೂ ಇದೇ ಪ್ರಶ್ನೆ. ಛರ್ರೆ ತೆಗೆದಿರಾ ಸರ್? ಅವರು ಒಂದು ಚಿಕ್ಕ ಡಬ್ಬಿ ತೋರಿಸಿದರು. ಅದರಲ್ಲಿ ಪ್ಲಾಸ್ಟಿಕ್ಕಿನ ಒಂದು ಬಿರಡೆ, ಸುಟ್ಟ ಬಟ್ಟೆಯ ಚೂರುಗಳು. ಕಾರ್ತೂಸಿನಲ್ಲಿ ಮದ್ದಿಗೂ ಛರ್ರೆಗೂ ನಡುವೆ ಆ ಬಿರಡೆ ಇರುತ್ತದೆ. ಹತ್ತಿರದಿಂದ ಹೊಡೆದಾಗ ಅದೂ ಒಳಗೆ ಹೋಗುತ್ತದೆ, ಪ್ಯಾಂಟಿನ ಬಟ್ಟೆಯನ್ನೂ ಒಯ್ಯುತ್ತದೆ. “ಇವು ಕೀವು ಮಾಡ್ತಾವ, ಇವನ್ನ ಹುಡುಕಿ ಹುಡುಕಿ ತೆಗಿತೀವಿ. ಸತ್ತ ಮಾಂಸ ತೆಗಿತೀವಿ. ಛರ್ರೆ ಕೈಗೆ ಸಿಕ್ಕಷ್ಟು ಬರ್ತಾವ. ಉಳಿದದ್ದಕ್ಕ ನಿನ್ನ ಕಾಲೆಲ್ಲಾ ಕೊರದ್ರ ಛರ್ರೆಕಿಂತ ನಾನೇ ಜಾಸ್ತಿ ಕೆಡಿಸ್ತೀನಿ” ಎಂದರು.

ಇದೇ ಉತ್ತರ. ಒಂದೊಂದು ಕಾಳಿನ ಬೆನ್ನು ಹತ್ತಿ ಹೋದರೆ ಒಳ್ಳೆಯ ಸ್ನಾಯು, ನರ, ರಕ್ತನಾಳ ಎಲ್ಲ ಹಾಳು. ಸ್ನಾಯುವಿನಲ್ಲಿ ಉಳಿದ ಛರ್ರೆಯ ಸುತ್ತ ದೇಹವೇ ಒಂದು ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಅದು ಸಾಮಾನ್ಯವಾಗಿ ತೆಪ್ಪಗೆ ಇರುತ್ತದೆ. ಕೀಲಿನೊಳಗೆ ಸಿಕ್ಕಿದ್ದು ಮಾತ್ರ ಬೇರೆ ಮಾತು. ಕೀಲಿನ ದ್ರವದಲ್ಲಿ ಸೀಸ ನಿಧಾನ ಕರಗಿ ರಕ್ತ ಸೇರುತ್ತದೆ, ಕೀಲೂ ಸವೆಯುತ್ತದೆ. ನನ್ನ ಮೊಣಕಾಲ ಕೀಲಲ್ಲಿ ಎರಡಿದ್ದವು, ಅವನ್ನು ಹಟ ಹಿಡಿದು ತೆಗೆದರು. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಆಮೇಲೆ ಪರೀಕ್ಷೆ ಮಾಡಿಸಿದೆ, ತೊಂದರೆ ಇರಲಿಲ್ಲ.

ಗಾಯವನ್ನು ಹೊಲಿಯಲೂ ಇಲ್ಲ. ಇದಕ್ಕೆ ನನ್ನ ತಾಯಿ ದೊಡ್ಡ ಜಗಳವನ್ನೇ ಮಾಡಿದಳು. ಆದರೆ ಇಂಥ ಗಾಯವನ್ನು ಮೊದಲ ದಿನವೇ ಹೊಲಿದರೆ ಹೊಲಸು ಒಳಗೇ ಉಳಿಯುತ್ತದೆ. ತೆರೆದಿಟ್ಟು, ಎರಡು ದಿನಕ್ಕೊಮ್ಮೆ ಒಯ್ದು ತೊಳೆದರು. ಮೂರು ಸಲ. ಆಮೇಲೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಯಾರೂ ಹೇಳದ ಮಾತು ಒಂದಿದೆ: ಗಾಯಕ್ಕಿಂತ ಚರ್ಮ ತೆಗೆದ ಜಾಗ ಜಾಸ್ತಿ ಉರಿಯುತ್ತದೆ.

ಐದು ವಾರ ಮಲಗಿದ್ದೆ. ನಡುವೆ ದೀಪಾವಳಿ ಬಂತು. ಹೊರಗೆ ಪಟಾಕಿ ಸಿಡಿದಾಗಲೆಲ್ಲ ಮಂಚದ ಸರಳು ಹಿಡಿಯುತ್ತಿದ್ದೆ, ಬೆವರುತ್ತಿದ್ದೆ. ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಯಿತು. ಗುಲ್ಬರ್ಗದಲ್ಲಿ ಸೇರಿದವನು ಕಲಬುರಗಿಯಿಂದ ಡಿಸ್ಚಾರ್ಜ್ ಆದೆ, ಹಾಸಿಗೆ ಅದೇ.

ಪೊಲೀಸರು ಬಂದಿದ್ದರು. ಹೊಲದ ವ್ಯಾಜ್ಯ ಇತ್ತಾ? ಸಾಲ ಇತ್ತಾ? ಮಾವನಿಗೂ ನಿಮಗೂ ಮಾತು ಇತ್ತಾ? ಕೇಳುವುದು ಅವರ ಕೆಲಸ, ಬೇಸರವಿಲ್ಲ. ಊರಿನವರು ಅದನ್ನೇ ಕಣ್ಣಲ್ಲಿ ಕೇಳಿದ್ದು ಜಾಸ್ತಿ ಚುಚ್ಚಿತು. ಮಾತೂ ಇತ್ತು, ಪ್ರೀತಿಯೂ ಇತ್ತು, ಮಾವ ನನ್ನನ್ನು ಎತ್ತಿ ಆಡಿಸಿದವರು ಎಂದು ಹೇಳಿಕೆ ಬರೆಸಿದೆ. ಬಂದೂಕು ಜಪ್ತಿ ಆಯಿತು, ಲೈಸೆನ್ಸ್ ಹೋಯಿತು. ಮಾವ ಅದನ್ನು ಕೇಳಲು ಒಂದು ದಿನವೂ ಹೋಗಲಿಲ್ಲ.

ಮನೆಗೆ ಬಂದಾಗ ಪಾದ ಮೇಲೆತ್ತಲು ಬರುತ್ತಿರಲಿಲ್ಲ. ಕಾಲಿನ ಸಣ್ಣ ಎಲುಬು ಮುರಿದು, ಅದನ್ನು ಸುತ್ತಿ ಹೋಗುವ ನರಕ್ಕೂ ಪೆಟ್ಟಾಗಿತ್ತು. ನಡೆದರೆ ಬೆರಳು ನೆಲಕ್ಕೆ ಬಡಿಯುತ್ತಿತ್ತು, ಹೊಸ್ತಿಲು ಹೊಸ್ತಿಲಿಗೂ ಮುಗ್ಗರಿಸುತ್ತಿದ್ದೆ. ಚಪ್ಪಲಿಯೊಳಗೆ ಪ್ಲಾಸ್ಟಿಕ್ ಪಟ್ಟಿ ಹಾಕಿ ಪಾದ ಎತ್ತಿ ಕಟ್ಟಿಕೊಂಡು ಶಾಲೆಗೆ ಹೋದೆ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ ಒಂದು ಇಂಚು ಅನ್ನಿ. ಫಿಸಿಯೋಥೆರಪಿಯವರು ಕಾಲ ಮೇಲೆ ಬೆರಳಿನಿಂದ ತಟ್ಟುತ್ತಾ ಇಳಿಯುತ್ತಿದ್ದರು. ಜುಮ್ ಅಂದ ಜಾಗಕ್ಕೆ ಪೆನ್ನಿನಿಂದ ಗೀಟು. ಮುಂದಿನ ತಿಂಗಳು ಗೀಟು ಸ್ವಲ್ಪ ಕೆಳಗೆ. ಆ ಗೀಟು ನೋಡಿಯೇ ನಾನು ಆ ವರ್ಷ ಕಳೆದೆ. ಹನ್ನೊಂದನೇ ತಿಂಗಳು ಹೆಬ್ಬೆರಳು ಎದ್ದಿತು. ತರಗತಿಯಲ್ಲಿ, ಪಾಠದ ನಡುವೆ! ಬೋರ್ಡಿಗೆ ತಿರುಗಿ ನಿಂತು ಬಿಟ್ಟೆ, ಸರ್ ಏನೋ ಲೆಕ್ಕ ಮರೆತಿದ್ದಾರೆ ಅಂತ ಮಕ್ಕಳು ಅಂದುಕೊಂಡವು.

ಛರ್ರೆಯಿಂದ ಈಗ ಇರುವ ತಾಪತ್ರಯ ಒಂದೇ. ಹೋದ ವರ್ಷ ಬೆನ್ನಿಗೆ ಎಂಆರ್‌ಐ ಬರೆದುಕೊಟ್ಟಾಗ “ಮೈಯಲ್ಲಿ ಲೋಹ ಇದೆಯಾ” ಎಂದರು. 23 ಅಂದೆ. ಅವರು ಮಷಿನ್ನಿಂದ ನನ್ನನ್ನು ದೂರ ಕೂರಿಸಿದರು. ಸೀಸವನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಉಕ್ಕಿನ ಛರ್ರೆಯೂ ಇರುತ್ತವೆ, ಅವನ್ನು ಎಳೆಯುತ್ತದೆ. ಹಳೆಯ ಕಾಗದ ತರಿಸಿ, ಡಾಕ್ಟರು ನೋಡಿ ಒಪ್ಪಿದ ಮೇಲೆಯೇ ಒಳಗೆ ಬಿಟ್ಟರು. ಆಪರೇಷನ್ ಚೀಟಿ ಬಿಸಾಡಬೇಡಿ, ಇಷ್ಟೇ ನನ್ನ ಉಪದೇಶ.

ಎಲ್ಲರೂ ಕೇಳುತ್ತಾರೆ ಅಂದೆನಲ್ಲ, ಒಬ್ಬರು ಕೇಳಿರಲಿಲ್ಲ. ಮಾವ. ಹಬ್ಬಕ್ಕೆ ಬರುತ್ತಿದ್ದರು, ಊಟ ಮಾಡುತ್ತಿದ್ದರು, ನನ್ನ ಕಾಲಿನ ಕಡೆ ನೋಡದ ಹಾಗೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. ನನಗೂ ಎತ್ತಲು ಧೈರ್ಯವಿರಲಿಲ್ಲ. ಏನೂ ಆಗಿಲ್ಲ ಬಿಡ್ರಿ ಅನ್ನೋಣ ಅಂದರೆ, ಆಗಿದೆಯಲ್ಲ.

ಕೆಲವು ವರ್ಷದ ಹಿಂದೆ ಒಂದು ಛರ್ರೆ ತಾನೇ ಮೇಲೆ ಬಂದು ಚರ್ಮದಡಿ ಗುಳ್ಳೆಯಂತೆ ನಿಂತಿತು. ಹತ್ತು ನಿಮಿಷದಲ್ಲಿ ತೆಗೆದು ಕೈಗೆ ಕೊಟ್ಟರು. ತಾಯಿ ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತಿದ್ದಳು, ಅದನ್ನು ಅಲ್ಲಿ ಕೃಷ್ಣೆಗೆ ಬಿಡಬೇಕು ಅಂದಳು. ಹೊಳೆಗೆ ಸೀಸ ಹಾಕಬಾರದು ಎಂದು ಮಾಸ್ತರಿಕೆ ಮಾಡಿ, ಗುಳಿಗೆಯ ಸಣ್ಣ ಬಾಟಲಿಯಲ್ಲಿ ಹಾಕಿ ಟಿವಿ ಪಕ್ಕ ಇಟ್ಟೆ.

ಹೋದ ಖಂಡೆ ಪೂಜೆಗೆ ಮಾವ ಬಂದವರು ಆ ಬಾಟಲಿ ಎತ್ತಿಕೊಂಡರು. ಏನಿದು ಅಂದರು. ಹೇಳಿದೆ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಲ್ಲಾಡಿಸಿದರು, ಕಿಣಿಕಿಣಿ ಅಂತು.

“ಇಷ್ಟ ಸಣ್ಣದೇನು?”

“ಹೂಂ.”

“ಒಳಗ ಇನ್ನಾ ಎಷ್ಟ ಅದಾವ?”

“ಇಪ್ಪತ್ತಮೂರು.”

ಮುಚ್ಚಳ ಬಿಗಿ ಇದೆಯಾ ನೋಡಿ, ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟರು. ಆಮೇಲೆ ಗೋಡೆ ಕಡೆಯ ಕುರ್ಚಿ ಬಿಟ್ಟು ನನ್ನ ಎದುರಿಗೆ ಕೂತು, ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಂತ ಒಳಗ ಹೇಳು ಅಂದರು.