ಹೊಲದೊಳಗೆ ಅಡಗಿದ ಕೊಳಗಳು

"ಮಾವ, ಎಡಕ್ಕೆ ನೋಡಿ, ಅಲ್ಲೊಂದು ಕೊಳವಿತ್ತು" ಎಂದಳು ತಂಗಿಯ ಮಗಳು. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರ ಬಿಟ್ಟು ವಾಯವ್ಯಕ್ಕೆ ಹೊರಟು ಎರಡು ಗಂಟೆ ಕಳೆದಿತ್ತು. ನನಗೆ ಕಂಡದ್ದು ಉತ್ತ ಹೊಲ. ಅದರ ನಡುವೆ, ಸುತ್ತಲಿನ ಮಣ್ಣಿಗಿಂತ ಕಪ್ಪಾದ ಒಂದು ದುಂಡು ಕಲೆ. ಇಂಥ ಕಲೆಗಳನ್ನು ಗುರುತಿಸಿ ನಕ್ಷೆಗೆ ಇಳಿಸುವುದೇ ಅವಳ ಉದ್ಯೋಗ.

ಹಿಮಯುಗದ ಕೊನೆಗೆ ಹಿಮದ ಹಾಸು ಕರಗಿ ಹಿಂದೆ ಸರಿದಾಗ ಈ ಹುಲ್ಲುಗಾವಲಿನ ತುಂಬ ತಗ್ಗುಗಳು ಉಳಿದವು, ಅವುಗಳಲ್ಲಿ ನೀರು ನಿಂತು ಕೊಳ, ಜೌಗುಗಳಾದವು. ಬೇಸಾಯಗಾರರು ಬಂದು ಬಸಿಗಾಲುವೆ ತೋಡಿದರು, ನೆಲದಡಿ ಕೊಳವೆ ಹೂತು ನೀರನ್ನು ಹೊರಗೆ ಹರಿಸಿದರು. 1780ರಿಂದ 1980ರ ದಶಕದ ನಡುವೆ ಮಿನ್ನೆಸೋಟ ತನ್ನ ಜೌಗು ಭೂಮಿಯಲ್ಲಿ ಶೇ. 42ರಷ್ಟನ್ನು ಕಳೆದುಕೊಂಡಿತು, ಪಕ್ಕದ ಅಯೋವಾ ಶೇ. 89ರಷ್ಟನ್ನು. ಒಕ್ಕಲು ಮನೆಯಲ್ಲಿ ಹುಟ್ಟಿದ ನಾನು ಆ ರೈತರನ್ನು ಬೈಯಲಾರೆ. ಆದರೆ ಆ ಅಂಕಿ ಎದೆಗೆ ನಾಟಿತು.

ಫರ್ಗಸ್ ಫಾಲ್ಸ್ ಎಂಬ ಊರು ತಲುಪಿದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದಳು. ಒಂದೇ ಜಾಗವನ್ನು ಮೇಲಿನಿಂದ ಬೇರೆ ಬೇರೆ ಕೋನದಲ್ಲಿ ತೆಗೆದ ಎರಡು ಫೋಟೊಗಳನ್ನು ಜೋಡಿಸಿ ನೋಡಿದರೆ ನೆಲದ ಏರುತಗ್ಗು ಎದ್ದು ಕಾಣುತ್ತದೆ. ಈಗ ವಿಮಾನದಿಂದ ಲೇಸರ್ ಬೀರಿ ಅಂಗೈಯಗಲದ ಎತ್ತರದ ವ್ಯತ್ಯಾಸವನ್ನೂ ಅಳೆಯುತ್ತಾರೆ. ಕಾಲುವೆಯ ಗುರುತು ಹಿಡಿಯುವುದು ಸುಲಭ, ಹೂತ ಕೊಳವೆ ಹಾಗಲ್ಲ. ವಸಂತದ ಮಳೆ ನಿಂತ ಒಂದೆರಡು ದಿನಗಳಲ್ಲಿ ಕೊಳವೆಯ ಮೇಲಿನ ಮಣ್ಣು ಮೊದಲು ಆರುತ್ತದೆ. ಆಗ ತೆಗೆದ ಚಿತ್ರದಲ್ಲಿ ಮೀನಿನ ಮುಳ್ಳಿನಂತೆ ಕವಲೊಡೆದ ಬಿಳಿಚು ಗೆರೆಗಳು ಮೂಡಿದ್ದವು. ನಾನು ಬಹಳ ಹೊತ್ತು ಅದನ್ನೇ ನೋಡಿದೆ.

ಮರುದಿನ, ಹಿಂದೆ ಬತ್ತಿಸಿ ಈಗ ಮತ್ತೆ ನೀರು ನಿಲ್ಲುವಂತೆ ಮಾಡಿದ ಒಂದು ಹೊಂಡ ನೋಡಲು ಹೋದೆವು. ಮಾಡಿದ ಕೆಲಸ ಸರಳ: ಕೊಳವೆ ಒಡೆದಿದ್ದಾರೆ, ಕಾಲುವೆಗೆ ಮಣ್ಣಿನ ಅಡ್ಡ ಹಾಕಿದ್ದಾರೆ. ದಡದಲ್ಲಿ ಸಿಕ್ಕ ಕೊಳವೆಯ ಚೂರನ್ನು ಕೈಗೆತ್ತಿಕೊಂಡೆ. ನಮ್ಮ ಹೆಂಚಿನಂತೆ ಸುಟ್ಟ ಕೆಂಪು ಮಣ್ಣು, ಒಳಗೆ ಒಣಗಿದ ಕೆಸರು.

"ದೊಡ್ಡ ಕೆರೆಗಳನ್ನು ಉಳಿಸಿದರೆ ಸಾಲದೆ?" ಎಂದು ಕೇಳಿದೆ.

"ಸಾಲದು ಮಾವ. ಬೇಸಿಗೆಗೆ ಬತ್ತುವ ಮೊಣಕಾಲುದ್ದದ ಹೊಂಡವೇ ಮೊದಲು ಬೆಚ್ಚಗಾಗುವುದು. ಮೊಟ್ಟೆಯಿಡಲು ಬಂದ ಬಾತುಗಳಿಗೆ ಬೇಕಾದ ಹುಳು, ಬಸವನಹುಳು ಅಲ್ಲೇ ಮೊದಲು ಸಿಗುತ್ತವೆ."

ಇಂಥ ಪುಟ್ಟ ಹೊಂಡಗಳನ್ನೇ ಬತ್ತಿಸುವುದೂ ಸುಲಭ, ನಕ್ಷೆಯಲ್ಲಿ ಬಿಟ್ಟುಬಿಡುವುದೂ ಸುಲಭ. ಮರಳುವ ದಾರಿಯಲ್ಲಿ ಕಪ್ಪು ಕಲೆ ಕಂಡು ಎರಡು ಸಲ ಕಾರು ನಿಲ್ಲಿಸಲು ಹೇಳಿದೆ. ಎರಡನೆಯ ಕಪ್ಪು ಕಲೆ ಅವಳ ನಕ್ಷೆಯಲ್ಲಿರಲಿಲ್ಲ. ಮಳೆನೀರು ಸ್ವಲ್ಪ ನಿಂತಿತ್ತು, ಒಂದು ಜೋಡಿ ಬಾತು ಈಜುತ್ತಿದ್ದವು. ಅವಳು ಮೊಬೈಲಿನಲ್ಲಿ ಜಾಗ ಗುರುತು ಹಾಕಿಕೊಂಡಳು.