ನಂಗೆ ಯಾವ ಪಾರ್ಟಿಯೋರು ದುಡ್ಡು ಕೊಡ್ತಾರೆ ಅಂದ್ರೆ

ಯಾರೂ ಕೊಡಲ್ಲ. ಉತ್ತರ ಇಷ್ಟೇ. ಮಂಡ್ಯದಲ್ಲಿ ಕೂತು ಯೂಟ್ಯೂಬ್ ಲೈವ್‌ನಲ್ಲಿ ರಾಜಕೀಯ ಮಾತಾಡೋದನ್ನೇ ಕೆಲಸ ಮಾಡ್ಕೊಂಡ ಮೇಲೆ ಮದುವೆ, ತಿಥಿ, ಟೀ ಅಂಗಡಿ ಎಲ್ಲಿಗೋದ್ರೂ ಇದೊಂದೇ ಪ್ರಶ್ನೆ, ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ದುಡ್ಡಿನ ವಿಷ್ಯ ಮೊದ್ಲು ಮುಗಿಸಿಬಿಡ್ತೀನಿ. ವಿಡಿಯೋಗೆ ಬರೋ ಜಾಹೀರಾತಿನ ದುಡ್ಡಲ್ಲಿ ಯೂಟ್ಯೂಬು ನೂರಕ್ಕೆ 55 ನಮಗೆ ಕೊಡುತ್ತೆ, ಲೈವಲ್ಲಿ ನೀವು ಹಾಕೋ ಸೂಪರ್‌ಚಾಟಲ್ಲಿ 70. ಲಾಠಿಚಾರ್ಜು, ಗಲಾಟೆ ಅಂತ ಜಾಸ್ತಿ ಮಾತಾಡಿದ್ರೆ ವಿಡಿಯೋ ಪಕ್ಕದ ಹಸಿರು ಡಾಲರ್ ಗುರುತು ಹಳದಿಗೆ ತಿರುಗ್ಬೋದು, ತಿರುಗಿದ್ರೆ ಜಾಹೀರಾತು ಕಮ್ಮಿ. 100 ಡಾಲರ್ ಆಗೋವರ್ಗೂ ಬ್ಯಾಂಕಿಗೆ ಬೀಳಲ್ಲ. ಸಾಲದೇ ಇದ್ದಿದ್ದಕ್ಕೆ ಮನೆ ಕಬ್ಬಿನ ಗದ್ದೆ ಇದೆ. ಮುಗೀತು.

ನಂಗೆ ಸಿಟ್ಟು ಬರೋದು ಕೇಳೋ ರೀತಿಗೆ. ಯಾರಾದ್ರೂ ಕೊಡ್ತಾರಾ ಅಂತ ಒಬ್ರೂ ಕೇಳಲ್ಲ, ಯಾರು ಕೊಡ್ತಾರೆ, ಎಷ್ಟು ಕೊಡ್ತಾರೆ ಅಂತಾನೇ ಶುರು. 2024ರ ಲೋಕಸಭೆ ರಿಸಲ್ಟ್ ಬಂದ ಮೇಲೆ ನಮ್ಮ ನೆಂಟರ ಬೀಗರೂಟಕ್ಕೆ ಹೋಗಿದ್ದೆ. ಕುಮಾರಸ್ವಾಮಿ 2,84,620 ಓಟಿನ ಲೀಡಲ್ಲಿ ಗೆದ್ದಿದ್ರು, ಕಾಂಗ್ರೆಸ್ ಎಲ್ಲಿ ಸೋತಿತು ಅಂತ ನಾನು ಲೈವಲ್ಲಿ ಹೇಳಿದ್ದೆ. ಪಂಕ್ತೀಲಿ ಪಕ್ಕ ಕೂತಿದ್ದ ದೊಡ್ಡಪ್ಪ ಮುದ್ದೆ ಮುರೀತಾ, "ಏನ್ಲಾ, ಕುಮಾರಣ್ಣನ ಕಡೆಯೋರು ಎಷ್ಟ್ ಕೊಟ್ರ್ಲಾ?" ಅಂದ್ರು. ನಾನು ಬಾಯಿ ತೆಗೆಯೋಕೆ ಮುಂಚೆ ಎದುರು ಸಾಲಿಂದ ಇನ್ನೊಬ್ರು, "ಅಯ್ ಸುಮ್ನಿರಣ್ಣ, ಅವ್ನು ಕಾಂಗ್ರೆಸ್ನೋನು ಕಣ" ಅಂದ್ರು. ಯಾಕಂದ್ರೆ 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಸೀಟು ಗೆದ್ದಿದ್ದ ಜೆಡಿಎಸ್ 2023ರಲ್ಲಿ ಕೆ.ಆರ್. ಪೇಟೆ ಒಂದಕ್ಕೆ ಇಳಿದಾಗ ಅದನ್ನೂ ನಾನೇ ಹೇಳಿದ್ದೆ. ನನ್ನ ಮುಂದೇನೇ ಇಬ್ರೂ ಜಗಳಕ್ಕೆ ಬಿದ್ರು, ನಾನು ಯಾರ ಕಡೆ ಅಂತ ನನ್ನ ಒಂದು ಮಾತು ಕೇಳ್ದೆ! ಬಡಿಸೋನು ಸಾರಿನ ಬಕೆಟ್ ಹಿಡ್ಕೊಂಡು ನಿಂತೇ ಇದ್ದ. ಊರೋರು ಅಂದಿದ್ರೆ ಬಿಡ್ಬೋದಿತ್ತು, ಎತ್ತಿ ಆಡಿಸಿದ ದೊಡ್ಡಪ್ಪ ಅಂದಿದ್ದು ನಂಗೆ ನಿಜವಾಗ್ಲೂ ನೋವಾಯ್ತು.

ಕೇಳಲೇಬೇಕು ಅಂದ್ರೆ, ಈ ಲೆಕ್ಕ ಎಲ್ಲಿಂದ ತಂದೆ ಅಂತ ಕೇಳ್ರಪ್ಪಾ. 2023ರ ಬರದಲ್ಲಿ ತಮಿಳ್ನಾಡಿಗೆ ದಿನಾ 5,000 ಕ್ಯೂಸೆಕ್ ಹದಿನೈದು ದಿನ ಬಿಡಿ ಅಂತ ಕಾವೇರಿ ಪ್ರಾಧಿಕಾರ ಹೇಳಿತ್ತಲ್ಲ, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯ್ತಲ್ಲ, ಆಗ ಟಿವಿ ಹಾಕಿದ್ರೆ ಬರೀ ಕಿರುಚಾಟ. ನನ್ನ ಲೈವಲ್ಲಿ ಒಬ್ರು ರೈತರು, "5,000 ಅಂದ್ರೆ ನಮ್ಮ ಕಟ್ಟೇಲಿ ಎಷ್ಟು ಖಾಲಿ ಆಯ್ತದೆ ಸಾ?" ಅಂತ ಹಾಕಿದ್ರು. ನಾನು ಕ್ಯಾಮೆರಾ ಮುಂದೇನೇ ಹಾಳೆ ಇಟ್ಕೊಂಡು ಲೆಕ್ಕ ಮಾಡ್ದೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ದಿನಕ್ಕೆ 86,400 ಸೆಕೆಂಡು, 5,000ದಿಂದ ಗುಣಿಸಿದ್ರೆ 43 ಕೋಟಿ 20 ಲಕ್ಷ ಘನ ಅಡಿ, ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಹಂಗಾಗಿ ದಿನಕ್ಕೆ ಹತ್ತಿರತ್ತಿರ ಅರ್ಧ ಟಿಎಂಸಿ, ಹದಿನೈದು ದಿನಕ್ಕೆ ಸುಮಾರು ಆರೂವರೆ. ನಮ್ಮ ಕನ್ನಂಬಾಡಿ ಕಟ್ಟೆ, ಅಂದ್ರೆ ಕೆಆರ್‌ಎಸ್, 124.80 ಅಡಿ ತುಂಬಿದ್ರೂ ಹಿಡಿಯೋದು 49.45 ಟಿಎಂಸಿ, ಆ ವರ್ಷ ತುಂಬಿರ್ಲಿಲ್ಲ. ನೀರು ಅಳೆಯೋದು ತಮಿಳ್ನಾಡು ಗಡಿಯ ಬಿಳಿಗುಂಡ್ಲುನಲ್ಲಿ, ಕಬಿನಿ ನೀರೂ ಸೇರುತ್ತೆ, ಎಲ್ಲಾ ಕಟ್ಟೆಯಿಂದಲೇ ಹೋಗಲ್ಲ ಅಂತಾನೂ ಹೇಳ್ದೆ. ಅಷ್ಟಕ್ಕೇ "ತಮಿಳ್ನಾಡು ಏಜೆಂಟ್" ಅಂತ ಕಾಮೆಂಟು ಸುರಿದ್ವು. ಗುಣಾಕಾರದಲ್ಲಿ ಯಾವ ಪಾರ್ಟಿ ಇದೆ ಹೇಳಿ?

ಆ ರೈತರು ಮಾತ್ರ ಅಷ್ಟಕ್ಕೆ ಬಿಡ್ಲಿಲ್ಲ, ಹಂಗಾದ್ರೆ ನಮ್ಮ ಗದ್ದೆಗಳಿಗೆ ನೀರು ತರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ನೀರು, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ನೀರು, ಎಷ್ಟು ಸಲ ಕೊಡ್ಬೋದು, ನಾಟಿ ಹಾಕ್ಲಾ ಬೇಡ್ವಾ ಅಂತ ಒಂದಾದ್ಮೇಲೊಂದು ಕೇಳ್ತಾ ಹೋದ್ರು, ಗೊತ್ತಿದ್ದಷ್ಟು ಹೇಳ್ತಾ ಹೋದೆ, ಮಧ್ಯರಾತ್ರಿ ಆಗಿತ್ತು. ನಾನು ಈ ಕೆಲಸ ಬಿಡದೇ ಇರೋದು ಅಂಥೋರಿಗೋಸ್ಕರ. ನಾನು ಯಾರ ಕಡೆ ಅಂತ ಅವರು ಕೇಳಲೇ ಇಲ್ಲ, ನಾಟಿಗೆ ದಿನ ಮೀರ್ತಿತ್ತು.