ಕಾಲು ಗಂಟೆ ನಿಲ್ಸಿದ್ರೆ ಸರಿಹೋಗೋ ಗಾಡಿ

ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿ ಐದಾರು ಕಿಲೋಮೀಟರ್ ಆಗಿತ್ತಷ್ಟೆ, ಗಾಡಿ ಎಳೆಯುವುದನ್ನು ಬಿಟ್ಟಿತು. ಆಫ್ ಆಗಲಿಲ್ಲ. ಆಫ್ ಆಗಿದ್ದರೆ ಸುಲಭವಿತ್ತು. ಮೂರನೇ ಗೇರಿನಿಂದ ಎರಡಕ್ಕೆ ಬಂದೆ, ಎರಡರಲ್ಲೂ ಇಪ್ಪತ್ತರ ಮೇಲೆ ಹೋಗುತ್ತಿಲ್ಲ, ಹಿಂದೆ ಮಂಗಳೂರಿಂದ ಬರುವ ಗ್ಯಾಸ್ ಟ್ಯಾಂಕರ್‌ಗಳ ಸಾಲು, ಹಾರ್ನ್ ಮೇಲೆ ಹಾರ್ನ್, ಪಕ್ಕದಲ್ಲಿ ಹೆಂಡತಿ ಏನೂ ಮಾತಾಡದೆ ಕಿಟಕಿ ಆಚೆ ಕೆಂಪುಹೊಳೆ ನೋಡುತ್ತಾ ಕೂತಿದ್ದಾಳೆ. ಅವಳು ಮಾತಾಡಿದ್ದರೇ ವಾಸಿ ಇತ್ತು.

ಜಾಗ ಸಿಕ್ಕ ಕಡೆ ಸೈಡಿಗೆ ಹಾಕಿದೆ. ಟೀ ಮಾಡಿಕೊಂಡು ಕುಡಿದೆವು. (ಕ್ಯಾಂಪರ್, ಅಂದರೆ ಒಳಗೇ ಮಂಚ, ಅಡುಗೆ ಕಟ್ಟೆ ಇರೋ ಗಾಡಿ, ಇರೋದರ ಒಂದೇ ಲಾಭ ಅದು, ಕೆಟ್ಟು ನಿಂತ ಕಡೆ ಟೀ ಸಿಗುತ್ತೆ.) ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಮೂರನೇ ಗೇರಿನಲ್ಲಿ ಹತ್ತಿತು. ನಾಲ್ಕು ಕಿಲೋಮೀಟರ್. ಆಮೇಲೆ ಮತ್ತೆ ಅದೇ ಕಥೆ. ಮಾರನಹಳ್ಳಿ ಮುಟ್ಟುವಷ್ಟರಲ್ಲಿ ಮೂರು ಸಲ ನಿಲ್ಲಿಸಿದ್ದೆ.

ಗಾಡಿ ಯಾವುದು ಅಂತ ಹೇಳಿಬಿಡ್ತೀನಿ. 2004ರ ಟೆಂಪೋ ಟ್ರಾವೆಲರ್, ಕಂಪನಿಗೆ ಇನ್ನೂ ಬಜಾಜ್ ಟೆಂಪೋ ಅಂತ ಹೆಸರಿದ್ದ ಕಾಲದ್ದು. ಫೋರ್ಸ್ ಅಂತ ಆಗಿದ್ದು 2005ರಲ್ಲಿ. ಮೂಲದಲ್ಲಿ ಅದು ಮರ್ಸಿಡಿಸ್‌ನ ಹಳೇ ಟಿ1 ವ್ಯಾನ್, ಎಂಜಿನ್ನೂ ಅವರ ಓಎಂ616ರ ವಂಶದ್ದೇ. ನನ್ನದರಲ್ಲಿ ಗಾಳಿ ಒತ್ತಿ ತುಂಬೋ ಟರ್ಬೊ ಇಲ್ಲ, ಎಂಜಿನ್ ನಡೆಸೋ ಕಂಪ್ಯೂಟರ್ (ಇಸಿಯು) ಇಲ್ಲ, ಸ್ಕ್ಯಾನರ್ ಚುಚ್ಚಿ ಕೋಡ್ ಓದೋಕೆ ಜಾಗವೇ ಇಲ್ಲ. ಕಣ್ಣು, ಕಿವಿ, ಕೈ, ಅಷ್ಟರಲ್ಲೇ ಕಂಡುಹಿಡಿಯಬೇಕು. ಒಳಗಿನ ಮಂಚ, ಅಡುಗೆ ಕಟ್ಟೆ, ನೂರು ಲೀಟರ್ ನೀರಿನ ಟ್ಯಾಂಕ್, ಎಲ್ಲ ನಾನೇ ಕೂರಿಸಿದ್ದು. ಆ ಹೆಮ್ಮೆಗೂ ಆಮೇಲೆ ಏಟು ಬಿತ್ತು, ಹೇಳ್ತೀನಿ.

ಹಾಸನದಲ್ಲಿ ಒಂದು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಬಾನೆಟ್ ಎತ್ತಿದರು, ಎರಡು ಸಲ ರೇಸ್ ಮಾಡಿದರು, "ಪಿಕಪ್ ಇಲ್ವಾ? ಡೀಸೆಲ್ ಪಂಪ್ ಹೋಗಿದೆ ಸಾರ್" ಅಂದರು. ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸೋದು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಲ್ಕು ನಾಝಲ್, ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. ಯೋಚನೆ ಮಾಡಿ ಹೇಳ್ತೀನಿ ಅಂತ ಅಲ್ಲಿಂದ ಜಾರಿಕೊಂಡೆ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು "ಘಾಟಿ ಮೇಲೆ ಗಾಳಿ ತೆಳು ಇರುತ್ತಲ್ಲ, ಅದಕ್ಕೇ" ಅಂತ ಸಮಾಧಾನ ಮಾಡಿದರು. ಅದು ಪೂರ್ತಿ ಸುಳ್ಳಲ್ಲ. ಟರ್ಬೊ ಇಲ್ಲದ ಎಂಜಿನ್ ಸಾವಿರ ಮೀಟರ್‌ಗೆ ಹತ್ತು ಪರ್ಸೆಂಟ್ ಹತ್ತಿರ ಶಕ್ತಿ ಕಳೆದುಕೊಳ್ಳುತ್ತೆ. ಆದರೆ ಸಕಲೇಶಪುರವೇ ಇರೋದು ಸುಮಾರು 950 ಮೀಟರ್ ಎತ್ತರದಲ್ಲಿ, ನನ್ನ ಗಾಡಿ ಸುಸ್ತಾಗಿದ್ದು ಘಾಟಿಯ ಬುಡದಲ್ಲಿ. ಅದೂ ಅಲ್ಲದೆ, ಟೀ ಕುಡಿದು ಬಂದ್ರೆ ಗಾಳಿ ದಪ್ಪ ಆಗುತ್ತಾ?

ಊರಿಗೆ ಬಂದು ಸೋದರಮಾವನಿಗೆ ಹೇಳಿದೆ. ಮೂವತ್ತು ವರ್ಷ ಲಾರಿ ಓಡಿಸಿದವರು.

"ಹೊಗೆ ಏನಾದ್ರೂ ಬಂತೇನೋ?"

"ಇಲ್ಲ ಮಾವ, ಹೊಗೇನೇ ಇರ್ಲಿಲ್ಲ."

"ನಿಲ್ಸಿದ್ರೆ ಸರಿಹೋಗುತ್ತೆ ಅಂತೀಯ. ಕೆಟ್ಟಿರೋ ಪಂಪ್ ಕಾಲು ಗಂಟೆ ರೆಸ್ಟ್ ತಗೊಂಡು ವಾಸಿ ಆಗುತ್ತೇನೋ ಪೆದ್ದ? ಹೊಟ್ಟೆಗೆ ಸಿಗ್ತಿಲ್ಲ ಕಣೋ ಅದಕ್ಕೆ."

ಆ ಎರಡು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿದಿತ್ತು, ನನಗೆ ಆಗ ಗೊತ್ತಾಗಲಿಲ್ಲ ಅಷ್ಟೆ. ಡೀಸೆಲ್ ಗಾಡಿ ಏರಿನಲ್ಲಿ ತಿಣುಕುತ್ತಾ ಕಪ್ಪು ಹೊಗೆ ಕಕ್ಕಿದರೆ ಡೀಸೆಲ್ ಹೋಗ್ತಿದೆ, ಅದನ್ನು ಉರಿಸುವಷ್ಟು ಗಾಳಿ ಇಲ್ಲ ಅಂತ. ಏರ್ ಫಿಲ್ಟರ್ ನೋಡಬೇಕು, ನಾಝಲ್ ನೋಡಬೇಕು. ಹೊಗೆಯೇ ಇಲ್ಲದೆ ಸೊರಗಿದರೆ ಡೀಸೆಲ್ಲೇ ಸಾಲುತ್ತಿಲ್ಲ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಸದ್ದು ಏರುತ್ತೆ, ಗಾಡಿ ಏರಲ್ಲ. ನನ್ನದರಲ್ಲಿ ಸದ್ದೇ ಏರಿರಲಿಲ್ಲ. ಬ್ರೇಕ್ ಹಿಡ್ಕೊಂಡಿದೆಯಾ ಅಂತಲೂ ನೋಡಿದೆವು. ಹತ್ತು ಕಿಲೋಮೀಟರ್ ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಇಟ್ಟರೆ ಒಂದೇ ಸಮ ಬಿಸಿ.

ಆಮೇಲೆ ಮಾವ ಬಾನೆಟ್ ಒಳಗೆ ತಲೆ ಹಾಕಿ "ಪೂರ್ತಿ ತುಳಿ" ಅಂದರು. ತುಳಿದೆ. "ತುಳಿಯೋ!" "ತುಳಿದಿದೀನಿ ಮಾವ!" ಬಂದು ನೋಡಿದರೆ ಪಂಪಿನ ಲಿವರ್ ಕೊನೆ ಮುಟ್ಟೋಕೆ ಇನ್ನೂ ಒಂದು ಬೆರಳು ಜಾಗ ಇತ್ತು. ನಾನು ಹಾಕಿದ ಪ್ಲೈವುಡ್, ಅದರ ಮೇಲಿನ ದಪ್ಪ ಮ್ಯಾಟ್, ಎರಡೂ ಸೇರಿ ಪೆಡಲ್ ಅನ್ನು ಅರ್ಧ ದಾರಿಯಲ್ಲೇ ತಡೀತಿದ್ದವು. ಅಂದರೆ ಕ್ಯಾಂಪರ್ ಮಾಡಿದ ದಿನದಿಂದ ನಾನು ಒಂದು ಸಲವೂ ಫುಲ್ ಥ್ರಾಟಲ್ ಕೊಟ್ಟೇ ಇಲ್ಲ! ಮ್ಯಾಟ್ ಕತ್ತರಿಸಿದೆ, ಪ್ಲೈವುಡ್ ಅಲ್ಲಿ ಕೊರೆದೆ. ಗಾಡಿ ಎಷ್ಟೋ ಚುರುಕಾಯಿತು. ಆದರೂ ಊರ ಹೊರಗಿನ ಏರಿನಲ್ಲಿ ಎರಡು ಸಲ ಹತ್ತಿಸಿ ಇಳಿಸಿದರೆ ಮತ್ತೆ ಅದೇ ಸುಸ್ತು. ರೋಗ ಎರಡಿತ್ತು, ಒಂದು ಹೋಗಿತ್ತು.

ನಿಲ್ಲಿಸಿದರೆ ಸರಿಹೋಗುತ್ತೆ ಅನ್ನೋದಕ್ಕೆ ಎರಡು ಅನುಮಾನ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡರೆ ಡೀಸೆಲ್ ಖಾಲಿಯಾದಂತೆಲ್ಲ ಒಳಗೆ ನಿರ್ವಾತ ಆಗಿ ಪಂಪಿಗೆ ಎಳೆಯೋಕೆ ಆಗಲ್ಲ. ಇಲ್ಲವೇ ಟ್ಯಾಂಕಿನ ತಳದ ಕಸ ಹೀರುವ ಪೈಪಿನ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತೆ, ಎಂಜಿನ್ ಆಫ್ ಮಾಡಿದರೆ ಎಳೆತ ನಿಂತು ಕಳಚಿ ಬೀಳುತ್ತೆ. ಸುಸ್ತಾದ ಕೂಡಲೇ ಮುಚ್ಚಳ ತೆಗೆದು ನೋಡಿದೆ, ಬುಸ್ ಅನ್ನೋ ಸದ್ದು ಬರಲಿಲ್ಲ. ಸಡಿಲ ಮುಚ್ಚಳದಲ್ಲೇ ಓಡಿಸಿದೆ, ವ್ಯತ್ಯಾಸವಿಲ್ಲ. ಒಂದು ಅನುಮಾನ ಹೋಯಿತು.

ಆಮೇಲೆ ಬೈಕ್ ಸ್ಪೇರ್ಸ್ ಅಂಗಡಿಯಿಂದ ಒಳಗೆ ಏನು ಹೋಗ್ತಿದೆ ಅಂತ ಕಾಣುವಂಥ ಪೆಟ್ರೋಲ್ ಪೈಪ್ ಒಂದಡಿ ತಂದು, ಟ್ಯಾಂಕಿನಿಂದ ಡೀಸೆಲ್ ಎಳೆಯೋ ಫೀಡ್ ಪಂಪಿಗೆ ಬರುವ ಲೈನಿನ ಮಧ್ಯೆ ಸೇರಿಸಿದೆವು. ಈ ಪರೀಕ್ಷೆ ನಂಗೆ ಬಹಳ ಇಷ್ಟವಾಯಿತು. ಐಡ್ಲಿಂಗ್‌ನಲ್ಲಿ ಪೈಪ್ ತುಂಬ ತಿಳಿ ಹಳದಿ ಡೀಸೆಲ್, ಗುಳ್ಳೆ ಇಲ್ಲ. ರೇಸ್ ಮಾಡಿ ಹಿಡಿದರೆ ಒಂದೊಂದೇ ಗುಳ್ಳೆ. ಸ್ವಲ್ಪ ಹೊತ್ತಿಗೆ ಪೈಪ್ ಮೆಲ್ಲಗೆ ಹೊಟ್ಟೆ ಒಳಗೆ ಎಳೆದುಕೊಂಡು ಚಪ್ಪಟೆಯಾಯಿತು, ಮಕ್ಕಳು ಜ್ಯೂಸ್ ಡಬ್ಬಿ ಕೊನೆಗೆ ಸ್ಟ್ರಾ ಹೀರಿದಾಗ ಆಗುತ್ತಲ್ಲ ಹಾಗೆ. ಬರೀ ಗುಳ್ಳೆ ಬಂದಿದ್ದರೆ ಎಲ್ಲೋ ಏರ್ ಹಿಡೀತಿದೆ, ವಾಷರ್ ಬದಲಿಸಿ ಏರ್ ತೆಗೆದರೆ ಆಯ್ತು. ಚಪ್ಪಟೆ ಆಯಿತು ಅಂದರೆ ಹಿಂದೆ ಕಟ್ಟಿದೆ.

ಖಾತ್ರಿ ಮಾಡಿಕೊಳ್ಳೋಕೆ ಐದು ಲೀಟರ್ ಕ್ಯಾನಿಗೆ ಹೊಸ ಡೀಸೆಲ್ ತುಂಬಿ ಬಂಪರ್ ಹತ್ತಿರ ಭದ್ರವಾಗಿ ಕಟ್ಟಿ, ಫೀಡ್ ಪಂಪಿನ ಪೈಪ್ ನೇರ ಅದಕ್ಕೇ ಇಳಿಸಿದೆವು. ಮೊದಲ ಸಲ ಬೇಗನೆ ಖಾಲಿ! ರಿಟರ್ನ್ ಲೈನ್ ಟ್ಯಾಂಕಿಗೇ ಬಿಟ್ಟಿದ್ದೆ, ಉಳಿದ ಡೀಸೆಲ್ ಎಲ್ಲ ಅಲ್ಲಿಗೆ ಹೋಗಿ ಬೀಳ್ತಿತ್ತು. ಅದನ್ನೂ ಕ್ಯಾನಿಗೇ ಹಾಕಿ ಅದೇ ಏರಿಗೆ ಬಿಟ್ಟೆವು. ಮೂರನೇ ಗೇರ್, ಐದು ಸಲ, ಒಮ್ಮೆಯೂ ಸೊರಗಲಿಲ್ಲ. ಇಪ್ಪತ್ತೆರಡು ಸಾವಿರದ ಪಂಪ್ ಚೆನ್ನಾಗಿಯೇ ಇತ್ತು.

ಟ್ಯಾಂಕ್ ಇಳಿಸಿದೆವು. ಮೇಲಿನ ಡೀಸೆಲ್ ತಿಳಿಯಾಗಿತ್ತು. ತಳದಲ್ಲಿ ಮಾತ್ರ ಕರಿದ ಎಣ್ಣೆ ಬಾಣಲೆಯ ಗಸಿ ಥರ ಕಪ್ಪು, ಬೆರಳಿಗೆ ಲೋಳೆ ಲೋಳೆ, ಹುಳಿ ವಾಸನೆ. ಅದರ ಕೆಳಗೆ ಎರಡು ಲೋಟದಷ್ಟು ನೀರು. ಜಾಲರಿಯ ಮುಕ್ಕಾಲು ಭಾಗ ಈ ಗಸಿ ಮೆತ್ತಿಕೊಂಡಿತ್ತು. ಮಾಡಿದ್ದು ಯಾರು ಅಂದರೆ ಮತ್ತೆ ನಾನೇ. ಮಳೆಗಾಲ ಪೂರ್ತಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಡಿಯನ್ನು ಅರ್ಧ ಟ್ಯಾಂಕ್‌ನಲ್ಲಿ ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ಖಾಲಿ ಜಾಗದ ಹಸಿ ಗಾಳಿ ರಾತ್ರಿ ತಣ್ಣಗಾಗಿ ನೀರಿಳಿಯುತ್ತೆ, ನೀರು ತಳ ಸೇರುತ್ತೆ, ನೀರೂ ಡೀಸೆಲ್ಲೂ ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತೆ. ದಿನಾ ಓಡುವ ಗಾಡಿಗೆ ಈ ಕಾಟ ಕಡಿಮೆ. ಕ್ಯಾಂಪರ್ ನಿಂತೇ ಇರೋ ಗಾಡಿ, ಅಲ್ವಾ?

ಟ್ಯಾಂಕ್ ತೊಳೆದು ಎರಡು ದಿನ ಬಿಸಿಲಲ್ಲಿ ಒಣಗಿಸಿ ಕೂರಿಸಿದೆವು. ಡೀಸೆಲ್ ಫಿಲ್ಟರ್ ಹೊಸದು ಹಾಕಿದ್ದು ಮುನ್ನೂರು ಕಿಲೋಮೀಟರ್‌ಗೇ ಕಪ್ಪಾಯಿತು, ಲೈನಿನಲ್ಲಿ ಉಳಿದಿದ್ದ ಗಸಿ ಇರಬೇಕು. ಇನ್ನೊಂದು ಹಾಕಿದೆ. ಈ ಸಲ ಮೇ ಕೊನೆಗೇ ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿದೆ, ತಿಂಗಳಿಗೊಮ್ಮೆ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡ್ತೀನಿ.

ಮಳೆ ನಿಂತ ಮೇಲೆ ಶಿರಾಡಿಗೆ ಹೋಗಿ ಬಂದೆವು. ಮಾವನೂ ಬಂದಿದ್ದರು. ಗುಂಡ್ಯದಿಂದ ದೋಣಿಗಾಲ್‌ವರೆಗೆ ಎಲ್ಲೂ ನಿಲ್ಲಲಿಲ್ಲ, ಅವರು ಹಿಂದಿನ ಮಂಚದಲ್ಲಿ ಗೊರಕೆ ಹೊಡೀತಿದ್ದರು. ಐದು ಲೀಟರ್ ಕ್ಯಾನ್ ಇನ್ನೂ ಗಾಡಿಯಲ್ಲೇ ಇದೆ. ಅದನ್ನ ಕುಡಿಯೋ ನೀರಿನ ಕ್ಯಾನ್ ಪಕ್ಕ ಇಡಬೇಡಿ ಅಂತ ಹೆಂಡತಿ ದಿನಾ ಬೈತಾಳೆ.